ಮಾವನವರು ಅಳೆದ ನೆಲ

ಮಕ್ಕಳೇ, ನಿಮ್ಮ ಶಾಲೆಯ ಗೋಡೆಗೆ ತೂಗುಹಾಕಿರುವ ಭೂಪಟವನ್ನು ಯಾವಾಗಲಾದರೂ ಹತ್ತಿರ ಹೋಗಿ ನೋಡಿದ್ದೀರಾ? ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ಇದ್ದರೆ ಅದೊಂದು ಹೊಳೆ. ಕಂದು ಬಣ್ಣದ ಸುರುಳಿ ಇದ್ದರೆ ಅದೊಂದು ಬೆಟ್ಟ. ಉಪಗ್ರಹಗಳು ಬರುವುದಕ್ಕೆ ಮುಂಚಿನ ಕಾಲದಲ್ಲಿ ಆ ಗೆರೆಗಳನ್ನು ಎಳೆಯಬೇಕಾದರೆ ಯಾರಾದರೂ ಆ ಹೊಳೆಯ ದಂಡೆಯಲ್ಲಿ ನಡೆಯಬೇಕಿತ್ತು, ಆ ಬೆಟ್ಟವನ್ನು ಹತ್ತಬೇಕಿತ್ತು. ಹಾಗೆ ನಡೆದವರಲ್ಲಿ, ಹತ್ತಿದವರಲ್ಲಿ ನಮ್ಮ ಮಾವನವರೂ ಒಬ್ಬರು. ಅಂದರೆ ನನ್ನ ಹೆಂಡತಿಯ ತಂದೆ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅದೇ ಕೆಲಸದಲ್ಲಿ ನಿವೃತ್ತನಾದವನು. ನನ್ನ ಬದುಕಿನ ದೊಡ್ಡ ಪ್ರಯಾಣವೆಂದರೆ ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಅಂಥವನಿಗೆ ಇಂಥ ಮಾವ ಸಿಕ್ಕಿದ್ದು ನನ್ನ ಪುಣ್ಯ. ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ನಮ್ಮ ಮನೆಯಲ್ಲಿ ಅವರ ಮಾತು ಬಾರದ ವಾರವಿಲ್ಲ.

ಮಾವನವರು ಹುಟ್ಟಿದ್ದು 1921ರಲ್ಲಿ, ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅವರ ತಂದೆ ಆ ಊರಿನ ಶಾನುಭೋಗರು. ಮನೆಯ ಮೂಲೆಯಲ್ಲಿ ಹೊಲ ಅಳೆಯುವ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ ಬಿದ್ದಿರುತ್ತಿತ್ತಂತೆ. ಅದರ ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಜಾಗವೇ ಒಂದು ಗುಂಟೆ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಈ ಲೆಕ್ಕ ಅವರಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಇಂಟರ್‌ಮೀಡಿಯಟ್ ಮುಗಿಸಿ, ಯುದ್ಧದ ಕಾಲದಲ್ಲಿ, 1942ರಲ್ಲಿ ಸರ್ವೆ ಆಫ್ ಇಂಡಿಯಾ ಸೇರಿದರು. 1767ರಲ್ಲಿ ಶುರುವಾದ ಬಹಳ ಹಳೆಯ ಇಲಾಖೆ ಅದು. ಅದರ ಧ್ಯೇಯವಾಕ್ಯ ‘ಆ ಸೇತು ಹಿಮಾಚಲಂ’. ರಾಮೇಶ್ವರದ ಸೇತುವಿನಿಂದ ಹಿಮಾಲಯದವರೆಗೆ ಎಂದರ್ಥ. "ಅದು ಬರೀ ಧ್ಯೇಯವಾಕ್ಯ ಅಲ್ಲ ಅಳಿಯಂದಿರೇ, ನಮ್ಮ ವರ್ಗಾವಣೆ ಆದೇಶ" ಎಂದು ಮಾವನವರು ನಗುತ್ತಿದ್ದರು.

ನನಗೆ ಹೆಣ್ಣು ಕೊಡುವ ಮುಂಚೆ 1977ರಲ್ಲಿ ಅವರು ಒಬ್ಬರೇ ನಮ್ಮ ಮನೆ ನೋಡಲು ಬಂದಿದ್ದರು. ನಮ್ಮ ತಂದೆ ಆಟೋದಲ್ಲಿ ಬಂದಿರಾ ಎಂದು ವಿಚಾರಿಸಿದರೆ, "ಇಲ್ಲ, ನಡೆದೇ ಬಂದೆ. ಬಸ್ ಸ್ಟ್ಯಾಂಡಿನಿಂದ ನಿಮ್ಮ ಬಾಗಿಲಿಗೆ ಸಾವಿರದ ನೂರಾ ನಲವತ್ತು ಹೆಜ್ಜೆ" ಎಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆಮೇಲೆ ಗೊತ್ತಾಯಿತು, ಅವರು ಎಲ್ಲಿ ನಡೆದರೂ ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಿದ್ದರು. ಅದು ರೂಢಿಯಾಗಿಬಿಟ್ಟಿತ್ತು, ನನಗೆ ನೋಟಿನ ಕಟ್ಟು ಕಂಡರೆ ಬೆರಳು ತಾನಾಗಿಯೇ ಎಣಿಸತೊಡಗುವ ಹಾಗೆ.

ಅವರ ವರ್ಷದಲ್ಲಿ ಎರಡು ಭಾಗ. ಮಳೆಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆ ಬರೆಯುವುದು. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಕಾಡು ಬೆಟ್ಟಗಳಲ್ಲಿ ಡೇರೆ ವಾಸ. ಜೊತೆಗೆ ಸಾಮಾನು ಹೊರುವ ಖಲಾಸಿಗಳು, ಮೂರು ಕಾಲಿನ ಮೇಲೆ ನಿಲ್ಲಿಸುವ ಹಲಗೆ, ಕೋನ ಅಳೆಯುವ ಥಿಯೊಡೊಲೈಟ್ ಯಂತ್ರ, ಅಕ್ಕಿ, ಬೇಳೆ, ಉಪ್ಪಿನಕಾಯಿ.

ಇಡೀ ದೇಶವನ್ನು ಹೇಗೆ ಅಳೆಯುತ್ತಾರೆ ಎಂದು ನಾನು ಒಮ್ಮೆ ಅವರನ್ನು ಕೇಳಿದೆ. ಅವರು ಊಟದ ಎಲೆಯ ತುದಿಯಲ್ಲಿ ಬೆರಳಿನಿಂದ ಒಂದು ತ್ರಿಕೋನ ಬರೆದರು. ಒಂದು ಬದಿಯ ಉದ್ದ, ಅದರ ಎರಡು ತುದಿಯ ಕೋನಗಳು ಗೊತ್ತಿದ್ದರೆ ಸಾಕು, ಉಳಿದ ಎರಡು ಬದಿಗಳನ್ನು ಅಳೆಯಬೇಕಾಗಿಲ್ಲ, ಲೆಕ್ಕ ಹಾಕಬಹುದು. ಹಾಗೆ ಸಿಕ್ಕ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1802ರಲ್ಲಿ ಮದರಾಸಿನಲ್ಲಿ ನೆಲದ ಮೇಲೆ ಒಂದು ಗೆರೆಯನ್ನು ಸರಪಳಿಯಿಂದ ಅಳೆದು ಈ ಕೆಲಸ ಶುರುಮಾಡಿದ. ಅವನ ತ್ರಿಕೋನಗಳು ಬೆಂಗಳೂರನ್ನು ದಾಟಿ ಮಂಗಳೂರಿನ ಕಡಲಿಗೆ ಬಂದು ಮುಟ್ಟಿದಾಗ ಒಂದು ಸಂಗತಿ ಬಯಲಾಯಿತು. ಆ ಎರಡು ಕಡಲುಗಳ ನಡುವೆ 400 ಮೈಲಿ ಇದೆ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು, ನಿಜವಾಗಿ ಇದ್ದದ್ದು 360 ಮೈಲಿ! "ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು. ನಿಮ್ಮ ಬ್ಯಾಂಕಿನಲ್ಲಿ ಹೀಗಾದರೆ ಎಷ್ಟು ಜನ ಸಸ್ಪೆಂಡ್ ಆಗುತ್ತಿದ್ದರೋ" ಎಂದು ಮಾವನವರು ನನ್ನ ಕಾಲೆಳೆದರು.

ನಮ್ಮ ಮಕ್ಕಳಿಗೆ ಅವರು ಒಂದು ಆಟ ಕಲಿಸಿದ್ದರು. ನೀವೂ ಆಡಿ ನೋಡಿ. ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ದೂರದ ಮನೆಯ ಒಂದು ಅಂಚಿಗೆ ಹೆಬ್ಬೆರಳು ಸರಿಹೊಂದುವಂತೆ ಮಾಡಿ. ಈಗ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ. ಬೆರಳು ಪಕ್ಕಕ್ಕೆ ಹಾರಿದಂತೆ ಕಾಣುತ್ತದೆ. ಎಷ್ಟು ದೂರ ಹಾರಿತು ಎಂದು ಆ ಮನೆಯ ಅಗಲ ನೋಡಿ ಅಂದಾಜು ಮಾಡಿ. ಹತ್ತು ಅಡಿ ಎನ್ನಿಸಿದರೆ ಆ ಮನೆ ನಿಮ್ಮಿಂದ ಸುಮಾರು ನೂರು ಅಡಿ ದೂರದಲ್ಲಿದೆ. ಏಕೆಂದರೆ ನಮ್ಮ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ನಮ್ಮ ತೋಳು ಹೆಚ್ಚು ಕಡಿಮೆ ಹತ್ತು ಪಟ್ಟು ಉದ್ದ. ಇದೂ ತ್ರಿಕೋನವೇ. ನನ್ನ ಮಗ ಇದನ್ನು ಕಲಿತ ಮೇಲೆ ಒಂದು ವಾರ ಬೀದಿಯಲ್ಲಿ ಹೆಬ್ಬೆರಳು ಎತ್ತಿಕೊಂಡೇ ಓಡಾಡಿದ.

ಇನ್ನು ಅವರ ಸಾಹಸಗಳು. 1950ರ ಆಗಸ್ಟ್ 15ರ ರಾತ್ರಿ ಅಸ್ಸಾಂ ಮತ್ತು ಟಿಬೆಟಿನ ಗಡಿಯಲ್ಲಿ ಭಾರಿ ಭೂಕಂಪವಾಯಿತು. ತೀವ್ರತೆ 8.6. ಬೆಟ್ಟಗಳ ಮೈ ಜಾರಿ ಹೊಳೆಗಳಿಗೆ ಬಿತ್ತು. ಸುಬನ್ಸಿರಿ ನದಿಗೆ ಕುಸಿದ ಗುಡ್ಡವೇ ಅಡ್ಡಗಟ್ಟೆಯಾಗಿ ನೀರು ತುಂಬಿ, ಕೆಲವು ದಿನಗಳ ನಂತರ ಅದು ಒಡೆದು ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಆ ವರ್ಷ ಮಳೆ ನಿಂತ ಮೇಲೆ ಮಾವನವರ ತಂಡ ಆ ಕಡೆಗೆ ಹೋಯಿತು. ಕೈಯಲ್ಲಿದ್ದ ನಕ್ಷೆ ಒಂದು ಹೇಳಿದರೆ ಕಣ್ಣ ಮುಂದೆ ಇನ್ನೊಂದು. ಹೊಳೆ ಇರಬೇಕಾದಲ್ಲಿ ಮರಳು, ಮರಳಿನ ತುಂಬ ಬುಡಮೇಲಾದ ಮರಗಳು. "ನೆಲ ಅಂದರೆ ಗಟ್ಟಿ ಅಂತ ನಂಬಿದ್ದೆ. ಅಲ್ಲಿಗೆ ಹೋದ ಮೇಲೆ, ನೆಲವೂ ಒಂದು ದಿನ ಮನಸ್ಸು ಬದಲಾಯಿಸುತ್ತದೆ ಅಂತ ತಿಳಿಯಿತು" ಎನ್ನುತ್ತಿದ್ದರು.

ಅಲ್ಲಿಂದ ಇನ್ನೂ ಮೇಲೆ, ಇವತ್ತಿನ ಅರುಣಾಚಲ ಪ್ರದೇಶದಲ್ಲಿ, ಅಲ್ಲಿನ ಜನ ಬೆತ್ತದಿಂದ ಹೆಣೆದ ತೂಗುಸೇತುವೆಗಳಿವೆ. ಒಳಗೆ ನಡೆದರೆ ಉದ್ದನೆಯ ಬುಟ್ಟಿಯೊಳಗೆ ನಡೆದ ಹಾಗೆ. ಅಡಿಯಲ್ಲಿ ಸಿಯಾಂಗ್ ನದಿ ಭೋರ್ಗರೆಯುತ್ತಿರುತ್ತದೆ, ಹೆಜ್ಜೆ ಇಟ್ಟಲ್ಲೆಲ್ಲ ಸೇತುವೆ ತೂಗುತ್ತದೆ. ಬೆನ್ನಿಗೆ ಹಲಗೆ ಕಟ್ಟಿಕೊಂಡು ಮಾವನವರು ನಡುಭಾಗಕ್ಕೆ ಬಂದಾಗ ಗಾಳಿ ಎದ್ದಿತಂತೆ. ಮುಂದೆ ನಡೆಯುತ್ತಿದ್ದ ಅಲ್ಲಿನ ಹುಡುಗ ತಿರುಗಿ ನೋಡಿ ನಕ್ಕನಂತೆ. "ಕೆಳಗೆ ನೋಡಬಾರದು, ಮುಂದಿರುವವನ ಬೆನ್ನು ನೋಡಬೇಕು. ಅವನು ಹುಟ್ಟಿದಾಗಿನಿಂದ ಅಲ್ಲಿ ಓಡಾಡಿದವನು, ನಾನು ನಿನ್ನೆ ಬಂದವನು" ಎಂದು ಮಾವನವರು ಹೇಳುತ್ತಿದ್ದರು.

ಪಶ್ಚಿಮ ಘಟ್ಟದಲ್ಲಿ ಕುದುರೆಮುಖದ ಕಡೆ ಕೆಲಸ ಮಾಡುವಾಗ ಇಂಬಳಗಳ ಕಾಟ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡರೂ ಸಂಜೆಗೆ ಕಾಲುಚೀಲ ಕೆಂಪಾಗಿರುತ್ತಿತ್ತು. ಒಂದು ಶಿಖರದ ಮೇಲೆ ಮಂಜು ಸರಿಯಲೆಂದು ಆರು ದಿನ ಕಾದರು. ಏಳನೆಯ ದಿನ ಹತ್ತೇ ಹತ್ತು ನಿಮಿಷ ಮಂಜು ಸರಿಯಿತು, ಎದುರಿನ ಬೆಟ್ಟದ ಬಾವುಟ ಕಂಡಿತು, ಕೋನ ಸಿಕ್ಕಿತು. ಇನ್ನೊಂದು ಕಡೆ ಖಲಾಸಿಗಳು ನೆಟ್ಟು ಬಂದ ಬಾವುಟದ ಕಂಬವನ್ನು ಆನೆಗಳು ರಾತ್ರಿ ಕಿತ್ತು ಹಾಕಿದವು. ಮತ್ತೆ ಹೋಗಿ ನೆಟ್ಟರು, ಮತ್ತೆ ಕಿತ್ತವು. ಮೂರನೆಯ ಸಲ ಮಾವನವರೇ ಬೇರೆ ಬೆಟ್ಟ ಹುಡುಕಿದರು. "ಆ ಬೆಟ್ಟ ಅವುಗಳದ್ದು. ದಾಖಲೆ ನಮ್ಮ ಹತ್ತಿರ ಇಲ್ಲ ಅಷ್ಟೇ."

ಈ ಕಥೆಗಳನ್ನೆಲ್ಲ ನಮ್ಮ ಮಕ್ಕಳು ನೂರು ಸಲ ಕೇಳಿದ್ದರು. 1991ರ ಬೇಸಿಗೆ ರಜೆ. ಮಾವನವರೂ ಅತ್ತೆಯವರೂ ನಮ್ಮ ಮನೆಗೆ ಬಂದಿದ್ದರು. ರಾತ್ರಿ ಕರೆಂಟ್ ಹೋಯಿತು. ಎಲ್ಲರೂ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ಎಂಟು ವರ್ಷದ ಮಗಳು ಕೇಳಿದಳು, "ತಾತಾ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಯಾವಾಗ?"

"ಸೇತುವೆ ಮೇಲೆ!" ಎಂದ ಮಗ. "ಅಲ್ಲ, ಆನೆ ಬಂದಾಗ" ಎಂದಳು ಅವಳು.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡೂ ಅಲ್ಲ ಕಂದಾ. ಒಂದು ಮನೆಯ ಜಗಲಿ ಮೇಲೆ ಕೂತು ಬೆಲ್ಲ ನೀರು ಕುಡಿಯೋವಾಗ" ಎಂದರು.

ನನ್ನ ಹೆಂಡತಿಯೂ ಆ ಕಥೆ ಕೇಳಿರಲಿಲ್ಲ.

1959ರ ಸುಮಾರಿಗೆ ಮಾವನವರನ್ನು ಎರವಲು ಸೇವೆಯ ಮೇಲೆ ಶರಾವತಿ ಯೋಜನೆಯ ಅಳತೆ ಕೆಲಸಕ್ಕೆ ಕಳಿಸಿದ್ದರು. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟುವ ತಯಾರಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹಾಗಾದರೆ ನೀರು ಎಲ್ಲಿಯವರೆಗೆ ಬರುತ್ತದೆ? ಮಕ್ಕಳೇ, ಒಂದು ಪಾತ್ರೆಯಲ್ಲಿ ಆಲೂಗಡ್ಡೆ ಇಟ್ಟು ಅರ್ಧ ಮುಳುಗುವಷ್ಟು ನೀರು ಹಾಕಿ. ಆಲೂಗಡ್ಡೆಯ ಸುತ್ತ ನೀರು ಮುಟ್ಟಿದ ಗೆರೆ ಕಾಣುತ್ತದಲ್ಲ, ಅದನ್ನು ನೀರು ಬರುವುದಕ್ಕೆ ಮುಂಚೆಯೇ ಗುರುತಿಸುವುದು ಮಾವನವರ ಕೆಲಸ. ಎತ್ತರ ಗೊತ್ತಿರುವ ಒಂದು ಗುರುತುಕಲ್ಲಿನಿಂದ ಹೊರಟು, ಮಟ್ಟ ನೋಡುವ ದುರ್ಬೀನು ಮತ್ತು ಅಡಿ ಗುರುತಿನ ಕೋಲು ಹಿಡಿದು, ಗುಡ್ಡ, ಗದ್ದೆ, ಅಡಿಕೆ ತೋಟಗಳ ನಡುವೆ ನಡೆಯುತ್ತ ಗೂಟ ಹೊಡೆಯುವುದು. ಗೂಟಕ್ಕಿಂತ ಕೆಳಗಿನದೆಲ್ಲ ಮುಳುಗಡೆ.

ಒಂದು ಮಧ್ಯಾಹ್ನ ಅವರು ಹೊಡೆಸಿದ ಗೂಟ ಒಂದು ಮನೆಯ ಹಿತ್ತಲಿಗಿಂತ ಮೇಲೆ, ಗುಡ್ಡದ ಮೇಲೆ ಬಂತು. ಆ ಮನೆಯಲ್ಲಿ ಒಬ್ಬ ವಯಸ್ಸಾದ ಅಮ್ಮ, ಮಗ, ಸೊಸೆ, ಮೊಮ್ಮಕ್ಕಳು. ಮನೆಗೆ ಬಂದವರಿಗೆ ಮಲೆನಾಡಿನಲ್ಲಿ ಕೊಡುವಂತೆ ಆ ಅಮ್ಮ ಬೆಲ್ಲ, ನೀರು ತಂದಿಟ್ಟರು. ಆಮೇಲೆ ಕೇಳಿದರು, "ತಮ್ಮಾ, ನೀರು ನಮ್ಮ ಅಂಗಳಕ್ಕೆ ಬತ್ತದಾ?"

"ಹೊರಡುವ ಮುಂಚೆ ಹಳಬರೊಬ್ಬರು ನನಗೆ ಬುದ್ಧಿ ಹೇಳಿದ್ದರು" ಎಂದರು ಮಾವನವರು. "ಯಾರಾದರೂ ಕೇಳಿದರೆ, ಗೊತ್ತಿಲ್ಲ, ಮೇಲಿನವರು ತೀರ್ಮಾನ ಮಾಡ್ತಾರೆ ಅಂತ ಹೇಳಿ ಎದ್ದು ಬಂದುಬಿಡು, ಇಲ್ಲದಿದ್ದರೆ ತಲೆನೋವು ಅಂತ. ಹಾಗೆ ಹೇಳೋದು ಸುಲಭ ಇತ್ತು. ಆದರೆ ನನಗೆ ಗೊತ್ತಿತ್ತು. ಅಂಗಳ ಅಲ್ಲ, ಆ ಮನೆಯ ಹೊಸ್ತಿಲ ಮೇಲೆ ಹನ್ನೆರಡು ಅಡಿ ನೀರು ನಿಲ್ಲುತ್ತೆ ಅಂತ ನನ್ನ ಪುಸ್ತಕದಲ್ಲಿ ಬರೆದಿತ್ತು."

ಅವರು ಉತ್ತರ ಕೊಡದೆ ನಾಳೆ ಬರುತ್ತೇನೆ ಎಂದು ಎದ್ದರು. ಮರುದಿನ ಗುರುತುಕಲ್ಲಿನಿಂದ ಮತ್ತೆ ಅಳೆದರು. ಹೊರಟ ಕಲ್ಲಿಗೇ ತಿರುಗಿ ಬಂದಾಗ ಲೆಕ್ಕ ಕೂಡಬೇಕು, ನಮ್ಮ ಬ್ಯಾಂಕಿನ ಡೇ ಬುಕ್ ಸಂಜೆ ಟ್ಯಾಲಿ ಆಗುವ ಹಾಗೆ. ಕೂಡಿತು. ಮೂರನೆಯ ದಿನ ಇನ್ನೊಂದು ದಾರಿಯಿಂದ ಅಳೆದರು. ಆಗಲೂ ಒಂದು ಅಂಗುಲದಷ್ಟೂ ವ್ಯತ್ಯಾಸ ಬರಲಿಲ್ಲ. "ನನ್ನ ಲೆಕ್ಕ ತಪ್ಪಿರಲಪ್ಪಾ ಅಂತ ನಾನು ದೇವರನ್ನು ಬೇಡಿಕೊಂಡಿದ್ದು ಜೀವಮಾನದಲ್ಲಿ ಅದೊಂದೇ ಸಲ" ಎಂದರು ಮಾವನವರು.

ನಾಲ್ಕನೆಯ ದಿನ ಆ ಜಗಲಿಯ ಮೇಲೆ ಕುಳಿತು ಹೇಳಿದರು. "ಅಮ್ಮಾ, ನೀರು ಬರುತ್ತೆ. ಇಲ್ಲಿಯವರೆಗೆ." ಎದ್ದು ನಿಂತು, ಕೈ ಮೇಲೆತ್ತಿ, ಮಾಡಿನ ಜಂತೆ ತೋರಿಸಿದರು.

ಆ ಅಮ್ಮ ಅಳಲಿಲ್ಲವಂತೆ, ಬೈಯಲಿಲ್ಲವಂತೆ. ಅಂಗಳದ ಹಲಸಿನ ಮರ ನೋಡಿದರು. "ಅದರ ತುದಿನಾದ್ರೂ ಕಾಣ್ತದಾ?"

ಮಾವನವರು ಕೋಲು ನಿಲ್ಲಿಸಿ, ಕೋಲಿನ ನೆರಳು, ಮರದ ನೆರಳು ಅಳೆದು ಲೆಕ್ಕ ಹಾಕಿದರು. ಮರ ನಲವತ್ತು ಅಡಿ. "ಕಾಣ್ತದೆ ಅಮ್ಮಾ. ಆದರೆ ಬುಡ ನೀರಲ್ಲಿ ನಿಂತರೆ ಮರ ಬಹಳ ದಿನ ಉಳಿಯೋದಿಲ್ಲ."

ಆಗ ಆ ಅಮ್ಮ ಮಗನನ್ನು ಕರೆದು ಹೇಳಿದ್ದು ಇಷ್ಟು: "ಈ ವರ್ಷ ತೋಟಕ್ಕೆ ಹೊಸ ಸಸಿ ಇಡೂದು ಬ್ಯಾಡ. ಬೇರೆ ಕಡೆ ಜಾಗ ನೋಡನ." ಆಮೇಲೆ ಮಾವನವರ ಕಡೆ ತಿರುಗಿ, "ನೀನಾದ್ರೂ ಹೇಳಿದ್ಯಲ ತಮ್ಮಾ. ಉಳಿದೋರೆಲ್ಲ ನೋಡನ ನೋಡನ ಅಂತಾರೆ" ಎಂದರಂತೆ. ಮಾವನವರು ಒಂದು ಚೀಟಿಯಲ್ಲಿ ತಮ್ಮ ವಿಳಾಸ ಬರೆದು ಕೊಟ್ಟು ಬಂದರು.

ತಾರಸಿಯ ಮೇಲೆ ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಮನೆಗಳ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಮಾವನವರು ಅತ್ತ ನೋಡಿ, "ಶರಾವತಿಯಿಂದ 1,035 ಮೆಗಾವ್ಯಾಟ್ ವಿದ್ಯುತ್ ಬರುತ್ತೆ ಮಕ್ಕಳೇ. ನಾಡಿಗೆ ಅದು ಬೇಕೇ ಬೇಕು. ನಾನು ಆ ಕೆಲಸ ಮಾಡಿದ್ದಕ್ಕೆ ನಾಚಿಕೆ ಪಡೋದಿಲ್ಲ. ಆದರೆ ಸ್ವಿಚ್ ಹಾಕೋವಾಗೆಲ್ಲ ಆ ಅಮ್ಮನ ನೆನಪಾಗುತ್ತೆ" ಎಂದರು.

ಅತ್ತೆಯವರು ಮಾತ್ರ ಒಂದು ಪ್ರಶ್ನೆ ಕೇಳಿದರು. "ಅಲ್ಲಾ, ಆ ದಿನ ಆ ಮನೆಯಲ್ಲಿ ಯಾರಿಗಾದರೂ ಊಟ ಸೇರಿತಾ?" ಮಾವನವರಿಗೆ ಉತ್ತರ ಗೊತ್ತಿರಲಿಲ್ಲ. ಮನೆ ಎಂದರೆ ಏನೆಂದು ಅತ್ತೆಯವರಿಗೆ ಚೆನ್ನಾಗಿ ಗೊತ್ತಿತ್ತು. ಮಾವನವರು ಕಾಡಿನಲ್ಲಿದ್ದ ವರ್ಷಗಳಲ್ಲಿ ಮನಿಯಾರ್ಡರ್ ನೆಚ್ಚಿಕೊಂಡು, ಮೂರು ಮಕ್ಕಳ ಜ್ವರ, ಶಾಲೆ, ಹಬ್ಬ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು ಅವರು. ನನ್ನ ಹೆಂಡತಿ ನಾಲ್ಕು ವರ್ಷದವಳಿದ್ದಾಗ, ಗಡ್ಡ ಬಿಟ್ಟುಕೊಂಡು ಮನೆಗೆ ಬಂದ ಅಪ್ಪನನ್ನು ಕಂಡು "ಅಮ್ಮಾ, ಯಾರೋ ಬಂದಿದಾರೆ" ಎಂದು ಕೂಗಿ ಸೆರಗಿನ ಹಿಂದೆ ಅವಿತುಕೊಂಡಿದ್ದಳಂತೆ. ಮಾವನವರು ಇದನ್ನು ತಾವೇ ಹೇಳಿಕೊಳ್ಳುತ್ತಿದ್ದರು. "ನಾನು ಬೆಟ್ಟ ಹತ್ತಿದೆ ಅಂತ ಎಲ್ಲರೂ ಹೊಗಳ್ತಾರೆ. ಏಣಿ ಹಿಡಿದುಕೊಂಡಿದ್ದವಳು ಇವಳು" ಎಂದು ಅತ್ತೆಯವರನ್ನು ತೋರಿಸುತ್ತಿದ್ದರು.

1979ರಲ್ಲೇ ನಿವೃತ್ತರಾಗಿದ್ದ ಮಾವನವರು 2004ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಟ್ರಂಕಿನಲ್ಲಿ ಬೆಳ್ಳಿ, ಬಂಗಾರ ಇರಲಿಲ್ಲ. ರಟ್ಟಿನ ಹೊದಿಕೆಯ ಸಣ್ಣ ಟಿಪ್ಪಣಿ ಪುಸ್ತಕಗಳು ಇಪ್ಪತ್ತೆರಡು ಇದ್ದವು. ಇಲಾಖೆಯ ಲೆಕ್ಕ ಇಲಾಖೆಗೆ ಒಪ್ಪಿಸಿ, ತಮಗಾಗಿ ಕನ್ನಡದಲ್ಲಿ ಬರೆದಿಟ್ಟುಕೊಂಡವು. ಊರಿನ ಹೆಸರು, ಹಳ್ಳದ ಹೆಸರು, ಅದನ್ನು ಹೇಳಿದವರು ಯಾರು, ಯಾರ ಮನೆಯಲ್ಲಿ ಊಟ ಹಾಕಿದರು ಎಲ್ಲವೂ ಅದರಲ್ಲಿತ್ತು. ಒಂದು ಪುಸ್ತಕದಲ್ಲಿ ಹಳದಿಯಾದ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ಆ ಅಮ್ಮನ ಮಗ ಬರೆದದ್ದು. ನೀರು ಬರುವ ಮುಂಚೆಯೇ ಬಾಗಿಲು, ಕಂಬ, ಹೆಂಚು ಎಲ್ಲ ಬಿಚ್ಚಿ ಲಾರಿಯಲ್ಲಿ ಸಾಗಿಸಿ ಬೇರೆ ಊರಿನಲ್ಲಿ ಮನೆ ಕಟ್ಟಿದ್ದೇವೆ, ಅಮ್ಮ ಹಳೆ ಮರದ ಹಲಸಿನ ಬೀಜ ತಂದು ಹಾಕಿದ್ದರು, ಗಿಡ ಎದ್ದಿದೆ, ನಿಮಗೆ ತಿಳಿಸಲು ಹೇಳಿದರು, ಇಷ್ಟೇ.

ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟ ಒಂದು ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಆ ಕಡೆ ಹೋಗಿದ್ದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ, ಅದಕ್ಕೂ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರು ಇಳಿದಾಗ ಹೊರಗೆ ಕಾಣುತ್ತದೆ. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದೆವು. ನೀರಿನಲ್ಲಿ ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು ಇನ್ನೂ ನಿಂತಿದ್ದವು. ನನ್ನ ಹೆಂಡತಿ ಚೀಲದಿಂದ ಅಪ್ಪನ ಟಿಪ್ಪಣಿ ಪುಸ್ತಕ ತೆಗೆದು ಆ ದಿನಗಳ ಪುಟ ಬಿಚ್ಚಿದಳು. ಎಡಗಡೆ ಅಂಕಿಗಳು. ಬಲಗಡೆ ‘ಷರಾ’ ಎಂಬ ಕಲಂ. ಮಾವನವರ ದುಂಡನೆಯ ಅಕ್ಷರದಲ್ಲಿ ಅಲ್ಲಿ ಮೂರು ಮಾತು ಇತ್ತು.

‘ಮನೆ 1. ಹಲಸಿನ ಮರ 1. ಹೇಳಿದ್ದೇನೆ.’